ಬಳೆ ಇಡುವಾಗ ಕೇಳುವ ಹಾಡು

ಬಳೆಗಾರಿಕೆಯನ್ನು ಕೈಯ ಕೆಲಸ ಎಂದುಕೊಂಡವರು ಬಳೆ ಇಡಿಸಿಕೊಂಡವರಲ್ಲ. ಅದು ಬಾಯಿಯ ಕೆಲಸ. ಹೆಂಗಸಿನ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಗೆಣ್ಣುಗಳನ್ನು ಒತ್ತಿ ಹಿಡಿದು, ಗಾಜಿನ ಬಳೆಯನ್ನು ಮೇಲಕ್ಕೆ ಜಾರಿಸುವಾಗ ಆಕೆ ಹೆದರಿ ಕೈ ಬಿಗಿದಳೆಂದರೆ ಮುಗಿಯಿತು, ಬಳೆ ಟಣ್ಣೆನ್ನುತ್ತದೆ. ನಮ್ಮ ಕಡೆ ಬಳೆ ಒಡೆಯಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತೇವೆ. ಏನೆಂದರೂ ಎದೆ ಧಸಕ್ಕೆನ್ನುವುದು ತಪ್ಪುವುದಿಲ್ಲ. ಅದಕ್ಕೇ ಬಳೆಗಾರ್ತಿ ಮಾತಾಡುತ್ತ ಇರಬೇಕು. ಮಾತಿನಲ್ಲಿ ಮೈಮರೆತ ಹೆಂಗಸಿನ ಕೈ ಬೆಣ್ಣೆಯಾಗುತ್ತದೆ.

ನಮ್ಮೂರು ಉಮದಿಯಲ್ಲಿ ನಮ್ಮ ಮನೆಯ ಪಕ್ಕದ ಬಳೆಗಾರ್ತಿ ಹುಸೇನಬಿ ಅಂಥ ಮಾತಿನ ಮಲ್ಲಿಯಾಗಿದ್ದಳು. ನನ್ನ ಗಂಡನ ಗೊರಕೆಯ ಬಗ್ಗೆ ಕೇಳಿ, ನಾನು ನಕ್ಕು ಮುಗಿಸುವುದರೊಳಗೆ ಡಜನ್ ಬಳೆ ಕೈಗೆ ಏರಿಸಿಬಿಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಬಳೆಯ ಪೆಟ್ಟಿಗೆ ಸೊಸೆ ಶಮಶಾದಳ ತಲೆಗೆ ಬಂತು. ಶಮಶಾದ ಒಳ್ಳೆಯವಳು, ಆದರೆ ಬಾಯಿಗೆ ಬೀಗ ಹಾಕಿಕೊಂಡು ಹುಟ್ಟಿದವಳು. "ಬರ್ರಿ, ಕುಂದ್ರಿ, ಕೈ ಕೊಡ್ರಿ" ಎನ್ನುವಲ್ಲಿಗೆ ಅವಳ ಮಾತಿನ ಚೀಲ ಖಾಲಿ. ಆಮೇಲೆ ಮೌನ. ಆ ಮೌನದಲ್ಲಿ ಗಾಜಿನ ಸದ್ದೊಂದೇ ಕೇಳಿಸುತ್ತಿತ್ತು, ನಮಗೆ ಕೈ ತಾನಾಗಿ ಬಿಗಿಯುತ್ತಿತ್ತು, ಬಳೆ ಹೆಚ್ಚುತ್ತಿದ್ದವು.

ಹೆಂಗಸರ ನಾಲಿಗೆಗೆ ಎಲುಬಿದೆಯೇ? ಶಮಶಾದಳ ಕೈಗುಣ ಚೆನ್ನಾಗಿಲ್ಲ ಎಂದರು. ಜತ್ತಿನ ಪೇಟೆಗೆ ಹೋದಾಗ ಇಡಿಸಿಕೊಂಡರಾಯಿತು ಎಂದರು. ಅವಳ ಗಂಡ ಇಸಾಕ ಸಂತೆಯಲ್ಲಿ ಕನ್ನಡಿ, ಹಣಿಗೆ ಮಾರುವವನು, ನಕ್ಕೇ ಮಾತಾಡುವವನು. "ನಮ್ಮವ್ವ ಹೋಗೂ ಮುಂದ ನಿನ್ನ ಮಾತೂ ಒಯ್ದಾಳೇನ?" ಎಂದು ಅವಳನ್ನು ಕೆಣಕುತ್ತಿದ್ದ. ಅವಳು ತಲೆ ಬಗ್ಗಿಸಿ ಬಳೆಗಳನ್ನು ದಾರಕ್ಕೆ ಕಟ್ಟುತ್ತಿದ್ದಳು.

ಎರಡು ಸಾವಿರದ ಒಂದರ ಈದಿಗೆ ಅವಳ ತಮ್ಮ ಅಮಜದ ಮಸ್ಕತ್ತಿನಿಂದ ಬಂದ. ಅಲ್ಲಿ ಅವನು ಬಟ್ಟೆ ಹೊಲಿಯುತ್ತಿದ್ದ. ಅಕ್ಕನಿಗೆಂದು ಒಂದು ಸಿಡಿ ಪ್ಲೇಯರು ತಂದಿದ್ದ. ಸಣ್ಣ ತಾಟಿನಷ್ಟು ದುಂಡಗೆ, ಬೆಳ್ಳಿಯ ಬಣ್ಣದ್ದು, ತಲೆಯ ಮೇಲೆ ಕೂರುವ ಹೆಡ್‌ಫೋನಿನ ಜೊತೆ. ಸಿಡಿ ಇದ್ದದ್ದು ಒಂದೇ. ಅದರ ಮೇಲೆ ಹೆಸರಿಲ್ಲ, ಊರಿಲ್ಲ, ಹಾಡುವವರಿಲ್ಲ. ಒಂದು ಕೊಳಲು, ಅದರ ಹಿಂದೆ ಎಲ್ಲೋ ದೂರದಲ್ಲಿ ಮೆಲ್ಲಗೆ ಬಡಿಯುವ ತಬಲಾ, ಅಷ್ಟೆ.

ಮಾರನೆಯ ದಿನ ಮಧ್ಯಾಹ್ನ ನಾನು ಗೋಡೆಯ ಮೇಲಿಂದ ನೋಡಿದೆ. ಶಮಶಾದ ಬೇವಿನ ನೆರಳಿನಲ್ಲಿ ಅದನ್ನು ತಲೆಗೆ ಹಾಕಿಕೊಂಡು, ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೂತಿದ್ದಳು. ತುಟಿ ಸ್ವಲ್ಪ ತೆರೆದಿತ್ತು. ಕೋಳಿಯೊಂದು ಅವಳ ಕಾಲ ಮೇಲೆ ಹತ್ತಿ ಇಳಿದರೂ ಅಲುಗಾಡಲಿಲ್ಲ. ಬಿಸಿಲಿಗೆ ತಲೆ ಸುತ್ತಿ ಬಿದ್ದಳೇನೋ ಎಂದು ನಾನು ಓಡಿಹೋಗಿ ಭುಜ ಹಿಡಿದು ಅಲುಗಿಸಿದೆ. ಅವಳು ಕಣ್ಣು ತೆರೆದು, ನಾನು ಯಾರೆಂದು ಸ್ವಲ್ಪ ಹೊತ್ತು ತಿಳಿಯದವಳಂತೆ ನೋಡಿದಳು. ಆಮೇಲೆ ಹೆಡ್‌ಫೋನು ತೆಗೆದು ನನ್ನ ಕಿವಿಗೆ ಇಟ್ಟಳು.

ಕೊಳಲು ಕಿವಿಗೆ ಬಿದ್ದದ್ದೇ ನನಗೆ ಕಂಡದ್ದು ತವರಿನ ಬಾವಿ. ಇಳಿಯುವ ಮೆಟ್ಟಿಲ ಮೇಲೆ ಅವ್ವ ಕೂತಿದ್ದಾಳೆ, ಅವಳ ಮೊಣಕಾಲ ನಡುವೆ ನಾನು, ತಲೆಗೆ ಕೊಬ್ಬರಿ ಎಣ್ಣೆ. ನೀರಿನ ಬೆಳಕು ಗೋಡೆಯ ಮೇಲೆ ಓಡಾಡುತ್ತಿದೆ. ಅವ್ವ ಹೋಗಿ ಎಷ್ಟೋ ವರ್ಷ. ಅವತ್ತು ಒಲೆಯ ಮೇಲಿನ ಬೇಳೆ ಸೀದು ಹೋಯಿತು, ಗಂಡ ಬೈದ, ನನಗೆ ಏನೂ ಅನಿಸಲಿಲ್ಲ.

ಅದನ್ನು ಬಳೆಯ ಕೆಲಸಕ್ಕೆ ಹಚ್ಚಿದ್ದು ನಮ್ಮ ಮನೆಯ ಗೌರವ್ವ. ಗೌರವ್ವ ನನ್ನ ಭಾವನ ಹೆಂಡತಿ. ಅವಳ ಕೈ ಎಂದರೆ ಒಣಗಿದ ಜೋಳದ ದಂಟು. ಬಳೆ ಇಡಿಸಿಕೊಳ್ಳಲು ಕೂತವಳು, "ಮೊದಲ ಆ ಡಬ್ಬಿ ನನ್ನ ಕಿವಿಗೆ ಹಚ್ಚ. ಏನ ಕೇಳ್ತೀ ನೋಡೂಣು" ಎಂದಳು. ಶಮಶಾದ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಗೌರವ್ವನ ಹುಬ್ಬು ಸಡಿಲಾಯಿತು, ಕೊರಳು ವಾಲಿತು, ಕೈ ಶಮಶಾದಳ ಮಡಿಲಿಗೆ ತಾನೇ ಬಂದು ಬಿತ್ತು. ಡಜನ್ ಬಳೆ ಏರಿದವು, ಒಂದೂ ಹೆಚ್ಚಲಿಲ್ಲ. ಕಣ್ಣು ತೆರೆದ ಗೌರವ್ವ ತನ್ನ ಕೈ ತಾನೇ ನೋಡಿಕೊಂಡು, "ಆಗೇ ಹೋತು? ನೀರಾಗ ಕಾಲ ಬಿಟ್ಟ ಕುಂತಿದ್ನಿ ನೋಡ" ಎಂದಳು.

ಅಲ್ಲಿಂದ ಶಮಶಾದಳ ನಸೀಬು ಖುಲಾಯಿಸಿತು. ತಲೆಯ ಮೇಲೆ ಬಳೆಯ ಪೆಟ್ಟಿಗೆ, ಮುಂದಕ್ಕೆ ಚಾಚಿದ ಎರಡೂ ಅಂಗೈ ಮೇಲೆ ಆ ಯಂತ್ರ. ತುಂಬಿದ ಹಾಲಿನ ಪಾತ್ರೆ ಹಿಡಿದವಳಂತೆ ಹೊಲಮನೆಗಳ ಒಂದು ವಸ್ತಿಯಿಂದ ಇನ್ನೊಂದಕ್ಕೆ ನಡೆಯುತ್ತಿದ್ದಳು. ಅಲುಗಾಡಿಸಿದರೆ ಕೆಡುತ್ತದೆ ಎಂದು ಅಮಜದ ಹೆದರಿಸಿದ್ದ. ಇಸಾಕನ ಸೈಕಲ್ಲಿನ ಹಿಂದೆ ಕೂತು ಒಮ್ಮೆ ಕೇಳಿ ನೋಡಿದ್ದಳು, ಕೊಳಲು ಕುಂಟುತ್ತ ಬಂದಿತ್ತಂತೆ. ಸೆಲ್ ಸೋತಾಗ ಅವುಗಳನ್ನು ತಗಡಿನ ಮೇಲೆ, ಸಂಡಿಗೆಯ ಪಕ್ಕದಲ್ಲಿ ಬಿಸಿಲಿಗೆ ಇಡುತ್ತಿದ್ದಳು. ಬಿಸಿಲು ಕುಡಿದ ಸೆಲ್ ಇನ್ನೊಂದು ದಿನ ಹಾಡುತ್ತಿದ್ದವು. ಮುಚ್ಚಳದ ಕೊಂಡಿ ಮುರಿದಾಗ ಬಳೆ ಕಟ್ಟುವ ದಾರದಿಂದ ಬಿಗಿದಳು. ಕಿವಿಯ ಮೇಲಿನ ಸ್ಪಂಜು ಉದುರಿದಾಗ ಹಳೆಯ ಮಖಮಲ್ಲಿನ ತುಂಡು ಹೊಲಿದಳು. ಮಾಡಗ್ಯಾಳದ ಬಸ್ಸಿನಲ್ಲಿ ಸಿಡಿ ಜಾರಿ ಬಳೆಗಳ ನಡುವೆ ಬಿದ್ದು ಗೀರು ಬಿತ್ತು. ಅಲ್ಲಿಂದ ಆಚೆ ಕೊಳಲು ಒಂದು ಕಡೆ ಬಂದು ತಡವರಿಸಿ, ಅದದೇ ಸ್ವರ ಹಿಡಿದು ನಿಂತು, ಆಮೇಲೆ ಏನೂ ಆಗದಂತೆ ಮುಂದೆ ಹೋಗುತ್ತಿತ್ತು. ನಮಗೆ ಆ ಜಾಗವೇ ಹೆಚ್ಚು ಇಷ್ಟ.

ಹೆಡ್‌ಫೋನು ಹಾಕಿಕೊಂಡವರಿಗೆ ತಮ್ಮ ದನಿ ಎಷ್ಟು ದೊಡ್ಡದು ಎಂದು ತಿಳಿಯುವುದಿಲ್ಲ. ಒಬ್ಬಳು ಮೆಲ್ಲಗೆ ಹೇಳುತ್ತಿದ್ದೇನೆ ಎಂದುಕೊಂಡು, "ನಮ್ಮತ್ತಿ ತುಪ್ಪ ಬಚ್ಚಿಡ್ತಾಳ" ಎಂದು ಓಣಿಗೆಲ್ಲ ಕೇಳುವಂತೆ ಒದರಿದಳು. ಅತ್ತೆ ಬದಿಯಲ್ಲೇ ಕೂತಿದ್ದಳು. ಶಮಶಾದ ಎಲ್ಲವನ್ನೂ ಕೇಳಿಸಿಕೊಂಡು ತಲೆ ಬಗ್ಗಿಸಿ ಬಳೆ ಇಡುತ್ತಿದ್ದಳು. ಎದುರಿನವರ ಕಿವಿ ಮುಚ್ಚಿದ್ದರಿಂದ ಅವಳು ಮಾತಾಡಬೇಕಾದ ಕಷ್ಟವೇ ತಪ್ಪಿತ್ತು. ಆ ಯಂತ್ರ ನಮ್ಮ ಕೈ ಸಡಿಲಿಸುತ್ತದೆ ಎಂದು ನಾವು ನಂಬಿದ್ದೆವು. ಅವಳೂ ನಂಬಿದ್ದಳು.

ಎಲ್ಲರಿಗಿಂತ ಅದು ಹೆಚ್ಚು ಬೇಕಾಗಿದ್ದುದು ಗೌರವ್ವನ ಮಗಳು ರೂಪಾಲಿಗೆ. ಸಣ್ಣವಳಿದ್ದಾಗ ಹುಣಸೆ ಮರದಿಂದ ಬಿದ್ದು ಎಡಗೈಯ ಮಣಿಕಟ್ಟು ಮುರಿದಿತ್ತು. ನಾಟಿ ವೈದ್ಯ ಕಟ್ಟಿದ ಪಟ್ಟಿ ಸಡಿಲಾಗಿ ಎಲುಬು ಸೊಟ್ಟಗೆ ಕೂಡಿತು. ಆ ಉಬ್ಬಿನ ಮೇಲೆ ಬಳೆ ದಾಟಿಸುವುದು ದೊಡ್ಡ ಸಾಹಸ. ಪ್ರತಿ ಪಂಚಮಿಗೂ ರೂಪಾಲಿ ಕಿವಿಗೆ ಕೊಳಲು ಹಚ್ಚಿಕೊಂಡು, ಆ ಗೀರಿನ ಜಾಗ ಬಂದಾಗ ಕಿಸಕ್ಕೆಂದು ನಗುತ್ತ ಬಳೆ ಇಡಿಸಿಕೊಳ್ಳುತ್ತ ದೊಡ್ಡವಳಾದಳು.

ಅಷ್ಟರಲ್ಲಿ ಊರಿಗೆ ಮೊಬೈಲು ಬಂದಿದ್ದವು. ಹುಡುಗರ ಅಂಗಿಯ ಕಿಸೆಯಲ್ಲೇ ನೂರು ಹಾಡು. ಶಮಶಾದಳ ಯಂತ್ರ ನೋಡಿ ನಗುವವರಿದ್ದರು. ಅದೂ ಮುದಿಯಾಗಿತ್ತು. ಸಿಡಿ ತಿರುಗಿಸಿ, ಯೋಚಿಸಿ, ಮನಸ್ಸಿದ್ದರೆ ಹಾಡುತ್ತಿತ್ತು.

ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ರೂಪಾಲಿಯ ಮದುವೆ ಸೊರಡಿಯ ಹುಡುಗನೊಂದಿಗೆ ಗೊತ್ತಾಯಿತು. ಹುಡುಗನ ತಾಯಿ ಯಲ್ಲವ್ವ ಮಾತು ಕಡಿದು ಹೇಳುವ ಹೆಂಗಸು. ನಿಶ್ಚಯದ ದಿನವೇ ಅಂದಿದ್ದಳು: "ಕೈ ಸೊಟ್ಟ ಐತಿ, ಇರಲಿ. ಆದ್ರ ಹಸರ ಬಳಿ ಇಡೂ ದಿನಾ ನಾನ ಬಂದ ಕುಂದರ್ತೀನಿ. ಮದಲಗಿತ್ತಿ ಬಳಿ ಹೆಚ್ಚಬಾರದ ನೋಡ್ರಿ." ಇದೇ ಹಸಿರು ಬಳೆಯ ಅಪಶಕುನಕ್ಕೆ ಹಿಂದೊಮ್ಮೆ ಒಂದು ಸಂಬಂಧವನ್ನು ಆಕೆ ಮುರಿದಿದ್ದಳು ಎನ್ನುವುದು ನಮಗೆಲ್ಲ ಗೊತ್ತಿತ್ತು. ಗೌರವ್ವನಿಗೆ ಅನ್ನ ಸೇರುವುದು ನಿಂತಿತು. ರೂಪಾಲಿಗೆ ಹುಡುಗ ಮನಸ್ಸಿಗೆ ಬಂದಿದ್ದ. ಅವಳು ಬಾಯಿ ಬಿಟ್ಟು ಹೇಳಲಿಲ್ಲ, ದಿನವೂ ಎಡಗೈಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು.

ಶಮಶಾದಳಿಗೆ ಇದೆಲ್ಲ ಗೊತ್ತಿತ್ತು, ಅದಕ್ಕೇ ಅವಳು ಒಂದು ಹುಚ್ಚು ಕೆಲಸ ಮಾಡಿದಳು. ಬಳೆ ಇಡುವ ಹಿಂದಿನ ದಿನ ಸೆಲ್ಲಿನ ಜೊತೆಗೆ ಯಂತ್ರವನ್ನೂ, ಅದರೊಳಗಿನ ಸಿಡಿಯನ್ನೂ ತಗಡಿನ ಮೇಲೆ ಬಿಸಿಲಿಗೆ ಇಟ್ಟಳು. ಸೆಲ್ಲಿಗೆ ಜೀವ ಕೊಡುವ ಬಿಸಿಲು ಮುದಿ ಯಂತ್ರಕ್ಕೂ ಒಂದಿಷ್ಟು ಕೊಡಲಿ ಎಂಬ ಆಸೆ. ನಮ್ಮ ಕಡೆಯ ಮೇ ತಿಂಗಳ ತಗಡಿನ ಮೇಲೆ ರೊಟ್ಟಿ ಬೇಯಿಸಬಹುದು. ಸಂಜೆ ತೆಗೆದು ನೋಡಲಿಲ್ಲ, ಹಾಗೇ ಮಖಮಲ್ಲಿನಲ್ಲಿ ಸುತ್ತಿಟ್ಟಳು.

ಮರುದಿನ ನಮ್ಮ ಪಡಸಾಲೆಯಲ್ಲಿ ಕಂಬಳಿ ಹಾಸಿ ರೂಪಾಲಿಯನ್ನು ಕೂರಿಸಿದೆವು. ಯಲ್ಲವ್ವ ಎದುರಿಗೇ ಕಂಬಕ್ಕೆ ಒರಗಿ ಕೂತಳು. ಶಮಶಾದ ಹೆಡ್‌ಫೋನನ್ನು ರೂಪಾಲಿಯ ತಲೆಗೆ ಹಾಕಿ ಗುಂಡಿ ಒತ್ತಿದಳು. ಬಲಗೈ ಸಲೀಸಾಗಿ ತುಂಬಿತು. ಎಡಗೈಯ ಮೊದಲ ಬಳೆ ಉಬ್ಬಿನ ಹತ್ತಿರ ಬಂದು ಟಣ್ಣೆಂದಿತು. ಎರಡನೆಯದೂ ಹೆಚ್ಚಿತು. ಗೌರವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಯಲ್ಲವ್ವ ಬೆನ್ನು ನೆಟ್ಟಗೆ ಮಾಡಿದಳು.

"ಭಾಬಿ," ಎಂದಳು ರೂಪಾಲಿ ಸಣ್ಣ ದನಿಯಲ್ಲಿ, "ಆಗಿಂದ ಏನೂ ಕೇಳವಲ್ದು. ಹಾಡ ಬಂದೇ ಇಲ್ಲ."

ಶಮಶಾದ ಮುಚ್ಚಳ ತೆರೆದಳು. ಸಿಡಿ ಬಿಸಿಲಿಗೆ ಬಾಗಿ ಹಪ್ಪಳದ ಅಂಚಿನಂತೆ ಎದ್ದು ನಿಂತಿತ್ತು. ಅವಳು ಅದನ್ನೇ ನೋಡಿದಳು. ಅಂಗೈಯಿಂದ ಒತ್ತಿದಳು, ಅದು ಮತ್ತೆ ಎದ್ದಿತು. ಇನ್ನು ಎದ್ದು ಹೋಗುತ್ತಾಳೆ ಎಂದುಕೊಂಡೆ. ಎದ್ದು ಹೋಗಿದ್ದರೂ ನಾನು ಅವಳನ್ನು ಬೈಯುತ್ತಿರಲಿಲ್ಲ.

ಅವಳು ರೂಪಾಲಿಯ ತಲೆಯಿಂದ ಹೆಡ್‌ಫೋನು ತೆಗೆದು, ಸೆರಗಿನ ಮೇಲಿಂದಲೇ ತನ್ನ ತಲೆಗೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು. ಹೊರಗೆ ಬಿಸಿಲು ಬೆಳ್ಳಗೆ ನಿಂತಿತ್ತು, ಪಡಸಾಲೆಯೊಳಗೆ ಹಸಿರು ಬಳೆಗಳ ನೆರಳು ಕಂಬಳಿಯ ಮೇಲೆ ನೀರಿನಂತೆ ತೆಳ್ಳಗೆ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ಅವಳ ತಲೆ ಮೆಲ್ಲಗೆ ತೂಗತೊಡಗಿತು. ಸತ್ತ ಯಂತ್ರದಿಂದ ಏನು ಕೇಳಿಸುತ್ತಿತ್ತೋ, ಆ ಕೊಳಲು ಅವಳ ಕಿವಿಯೊಳಗೆ ಎಂದೋ ಮನೆ ಮಾಡಿತ್ತು ಎಂದು ಕಾಣುತ್ತದೆ. ಕಣ್ಣು ಮುಚ್ಚಿಯೇ ರೂಪಾಲಿಯ ಕೈ ಹಿಡಿದಳು. ಅವಳ ಹಿಡಿತ ಸಡಿಲಾಗಿತ್ತು. ಹೆಬ್ಬೆರಳು ಮಡಚಿತು, ಗೆಣ್ಣು ಕೂಡಿದವು, ಬಳೆ ಉಬ್ಬನ್ನು ಸುತ್ತಿ ದಾಟಿ ಮಣಿಕಟ್ಟಿಗೆ ಬಂದು ಕೂತಿತು. ಇನ್ನೊಂದು. ಮತ್ತೊಂದು. ನಡುವೆ ಒಮ್ಮೆ ಅವಳ ತಲೆ ತಡೆದು, ಅದೇ ಜಾಗದಲ್ಲಿ ತಡವರಿಸಿ, ಮತ್ತೆ ತೂಗಿತು. ಅದು ಯಾವ ಜಾಗ ಎಂದು ರೂಪಾಲಿಗೆ ತಿಳಿಯಿತು. ಹೆದರಿ ಬಿಳಿಚಿಕೊಂಡಿದ್ದ ಹುಡುಗಿ ಕಿಸಕ್ಕೆಂದು ನಕ್ಕಳು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬಂತು.

ಕೈ ತುಂಬಿತು. ಶಮಶಾದ ಕಣ್ಣು ತೆರೆದು ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟಳು. ಯಲ್ಲವ್ವ ಏನೋ ಹೇಳಲು ಬಾಯಿ ತೆರೆದಳು. ಅದಕ್ಕೂ ಮೊದಲೇ ಶಮಶಾದ ಮಾತಾಡಿದಳು.

"ಹುಡುಗಿ ಕೈಗೆ ಹೆಸರ ಇಡಬ್ಯಾಡ್ರಿ ಅವ್ವಾರ. ಆಗ ಹೆಚ್ಚಿದ ಎರಡೂ ನನ್ನ ಕೈಯಿಂದ ಹೆಚ್ಚಿದ್ವು. ಇಷ್ಟ ವರ್ಸ ಇವರ ಕೈ ಬಿಗಿ ಅದಾವ ಅಂತ ತಿಳದಿದ್ನಿ. ಬಿಗಿ ಇದ್ದಿದ್ದು ನನ್ನ ಕೈರಿ. ಮಾತಾಡಬೇಕಾಗ್ತೈತಿ ಅಂತ ಅಂಜತಿದ್ನಿ, ಇವತ್ತ ನಿಮ್ಮನ್ನ ನೋಡಿ ಅಂಜಿದ್ನಿ. ಈ ಕೈಯ್ಯಾಗ ಏನೂ ತಪ್ಪಿಲ್ಲ. ನೋಡ್ರಿ, ಎಷ್ಟ ಚಲೋ ಕಾಣಸ್ತಾವ."

ಅಷ್ಟು ಮಾತು ಅವಳ ಬಾಯಿಂದ ಒಟ್ಟಿಗೆ ಬಂದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಬಳೆಗಾರ್ತಿಯೊಬ್ಬಳು ತನ್ನ ಕೈಯನ್ನು ತಾನೇ ನಾಲ್ಕು ಜನರ ಮುಂದೆ ದೂರುವುದನ್ನೂ ಕೇಳಿರಲಿಲ್ಲ. ಗೌರವ್ವ ಅಳುತ್ತಿದ್ದಳು. ಯಲ್ಲವ್ವ ರೂಪಾಲಿಯ ಎಡಗೈ ಎತ್ತಿ, ಬಳೆಗಳನ್ನು ಅತ್ತಿತ್ತ ಸರಿಸಿ, ಆ ಉಬ್ಬನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು. ಆಮೇಲೆ ತಾನೇ ಕಂಬಳಿಯ ಮೇಲೆ ಮುಂದೆ ಸರಿದು ಕೂತು, ಶಮಶಾದಳ ಮುಂದೆ ಕೈ ಚಾಚಿದಳು.

"ನನಗೂ ನಾಕ ಇಡ," ಎಂದಳು.

ಶಮಶಾದ ಆ ಕೈ ಹಿಡಿದು ಗೆಣ್ಣು ಒತ್ತಿ ನೋಡಿದಳು. "ನಿಮ್ಮ ಕೈ ಭಾಳ ಬಿಗಿ ಐತ್ರಿ. ನೀವ ಯಾಕ ಅಂಜತೀರಿ?"

ಯಲ್ಲವ್ವ ರೂಪಾಲಿಯ ಕಡೆ ನೋಡಿ ತಲೆ ತಗ್ಗಿಸಿದಳು. "ಮನಿಗೆ ಹೊಸಾ ಸೊಸಿ ಬರಾಕತ್ತಾಳಲ್ಲವ್ವಾ," ಎಂದಳು, "ಅಂಜಿಕಿ ಬರೂದಿಲ್ಲೇನು?"