ನೆರೆಯಲ್ಲಿ ನಿಂತ ಅತ್ತಿಮರ

ಮಲಪ್ರಭೆ ಉಕ್ಕಿ ಹೊಳೆಮಣ್ಣೂರಿಗೆ ನುಗ್ಗಿದ ದಿನ ಅಪ್ಪ ಮೊದಲು ಮಾಡಿದ ಕೆಲಸ ಎಮ್ಮೆಯ ಹಗ್ಗ ಕೊಯ್ದದ್ದು. ಅದು ಎದೆಮಟ್ಟದ ನೀರು ಸೀಳಿಕೊಂಡು ನಮಗಿಂತ ಮುಂಚೆ ದಿಬ್ಬ ಹತ್ತಿತು. ಪಕ್ಕದ ಮನೆಯ ಚಾಚಾ ಸಂತೆಗೆಂದು ರೋಣಕ್ಕೆ ಹೋಗಿದ್ದರು. ದೊಡ್ಡಿಯಲ್ಲಿ ಕಟ್ಟಿಹಾಕಿದ್ದ ಅವರ ಆಡುಗಳ ಕಡೆಗೆ ಯಾರಿಗೂ ಹೋಗಲಾಗಲಿಲ್ಲ. ಹೊಳೆಯ ಸೆಳವು ಅಷ್ಟು ಜೋರಾಗಿತ್ತು.

ದಿಬ್ಬದ ಮೇಲಿಂದ ನೋಡಿದರೆ ನಮ್ಮ ಓಣಿಯಲ್ಲಿ ನೀರಿನ ಮೇಲೆ ಕಾಣುತ್ತಿದ್ದುದು ಹಿತ್ತಲಿನ ಅತ್ತಿಮರದ ತಲೆ ಮಾತ್ರ.

"ಪಾಪ, ಅದು ಎಲ್ಲಿಗಂತ ಓಡಬೇಕು," ಎಂದಳು ಅವ್ವ.

ನೀರಿಳಿದ ಮೇಲೆ ಮನೆಗೆ ಮರಳಿದೆವು. ಮೇವಿನ ಬಣವೆ ತೇಲಿಹೋಗಿತ್ತು. ಹೊಲದ ಬೆಳೆ, ಬದುವಿನ ಹುಲ್ಲು ಎಲ್ಲ ಕೆಸರಿನಡಿ ಕೊಳೆಯುತ್ತಿದ್ದವು. ಓಡಿ ಜೀವ ಉಳಿಸಿಕೊಂಡಿದ್ದ ಎಮ್ಮೆ ಖಾಲಿ ಗೋದಲಿಗೆ ಮೂತಿಯಿಟ್ಟು ಒದರುತ್ತಿತ್ತು. ಹಸಿರೆಲೆ ಬಿಸಿಲಿನಲ್ಲಿ ತನ್ನ ಅನ್ನ ತಾನೇ ಮಾಡಿಕೊಳ್ಳುತ್ತದೆ, ಉಳಿದ ಜೀವಗಳೆಲ್ಲ ಅದನ್ನೇ ನಂಬಿವೆ ಎಂದು ಸಾಲೆಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆ ಕೂಗು ಕೇಳುವವರೆಗೆ ಅದು ಮನಸ್ಸಿಗೆ ಇಳಿದಿರಲಿಲ್ಲ.

ಮರುದಿನ ಚಾಚಾ ಕುಡಗೋಲು ಹಿಡಿದು ನಮ್ಮ ಹಿತ್ತಲಿಗೆ ಬಂದರು. ಸತ್ತ ಆಡುಗಳನ್ನು ಹೂಳಿದ ಮಣ್ಣು ಇನ್ನೂ ಅಂಗಿಯ ಮೇಲಿತ್ತು.

"ನೀವ್ಯಾಕ ಬರಾಕ ಹೋದ್ರಿ ಅಣ್ಣಾ, ಇಂಥಾದ್ರಾಗ?" ಎಂದಳು ಅವ್ವ.

"ಎಮ್ಮಿ ಒದರೂದು ಕೇಳಾಕ ಆಗವಲ್ದು ತಂಗೀ. ನೀರು ಮುಟ್ಟದ ಎಲಿ ಮ್ಯಾಲ ಅದಾವ."

ಮರ ಹತ್ತಿ ಟೊಂಗೆ ಕಡಿದು ಕೆಳಗೆ ಹಾಕಿದರು. ಎಮ್ಮೆ ಕಣ್ಣು ಮುಚ್ಚಿ ತಿನ್ನತೊಡಗಿತು. ಅವರು ಮತ್ತೊಂದಕ್ಕೆ ಕೈ ಹಾಕಿದಾಗ ಅವ್ವ ತಡೆದಳು.

"ಇವತ್ತಿಗೆ ಸಾಕ್ರಿ. ಎಲ್ಲಾ ಎಲಿ ತಗದ್ರ ಮರದ ಒಲಿನ ಆರಿಸಿದಂಗ ಆಗ್ತೈತಿ."

"ಖರೇ ಐತಿ," ಎಂದು ಚಾಚಾ ಇಳಿದರು. ಕಾಂಡಕ್ಕೆ ಕೈಯಿಟ್ಟು ನಿಂತವರು ಒಮ್ಮೆಲೇ ಅತ್ತುಬಿಟ್ಟರು. ಆಡುಗಳನ್ನು ಹೂಳುವಾಗ ಅವರ ಕಣ್ಣಲ್ಲಿ ಹನಿ ನೀರಿರಲಿಲ್ಲ ಎಂದು ಅಪ್ಪ ಆಮೇಲೆ ಹೇಳಿದ.

ದಿನಾ ಒಂದಿಷ್ಟು ಸೊಪ್ಪು ತಿಂದು ಎಮ್ಮೆ ಬದುಕಿತು. ಕೆಲವು ವಾರಗಳಲ್ಲಿ ಹೊಳೆ ತಂದುಹಾಕಿದ ಮಣ್ಣನ್ನು ಸೀಳಿ ಕರಿಕೆ ಹುಲ್ಲು ಚಿಗುರಿತು. ಅತ್ತಿಮರದ ಒಂದು ಪಕ್ಕ ಮಾತ್ರ ಒಣಗಿತು. ಅಲ್ಲಿ ಮತ್ತೆ ಎಲೆ ಬರಲಿಲ್ಲ.

ಚಾಚಾ ತಿರುಗಿ ಆಡು ಸಾಕಲಿಲ್ಲ. ದೊಡ್ಡಿ ಇದ್ದ ಜಾಗದಲ್ಲಿ ಮೆಂತ್ಯ ಬಿತ್ತಿದರು. ಮೊದಲು ಕಿತ್ತ ಸೊಪ್ಪನ್ನು ತಂದು, ನಮ್ಮ ಎಮ್ಮೆಯ ಮುಂದೆ ಕುಳಿತು, ಒಂದೊಂದೇ ಹಿಡಿಯಾಗಿ ತಿನ್ನಿಸಿದರು.