ಸುಳ್ಳು ಹೇಳಿದ್ದು ಮುಳ್ಳೋ, ಗಡಿಯಾರವೋ?

ಗೆಳೆಯರೇ, ಇವತ್ತು ಕುಷ್ಟಗಿ ರಸ್ತೆಯಲ್ಲಿ ನನ್ನ ಲೈಸೆನ್ಸು ಹೋಗಿಯೇಬಿಟ್ಟಿತ್ತು. ಪೊಲೀಸ್ ಅಮೀನ್ ಸಾಹೇಬರು, ಅಂದರೆ ಠಾಣೆಯ ಸಬ್ ಇನ್ಸ್‌ಪೆಕ್ಟರು, ನಾನು ಓಡಿಸುತ್ತಿದ್ದ ಬಸ್ಸಿಗೆ ಕೈ ಅಡ್ಡ ಹಿಡಿದರು.

"ತಾಸಿಗೆ ಇಪ್ಪತ್ತು ಮೈಲಿ ಹುಕುಂ ಐತಿ. ನೀ ಅದಕ್ಕಿಂತ ಜೋರ್ ಬಂದಿ. ಗಡಿಯಾರ ಹಿಡದು ನೋಡೀನಿ."

"ಮೀಟರಿನ ಮುಳ್ಳು ಇಪ್ಪತ್ತು ದಾಟಿಲ್ಲರಿ ಸಾಹೇಬ್ರ."

"ಹಂಗಾರ ನಿನ್ನ ಮೀಟರ್ ಸುಳ್ಳು. ಸುಳ್ಳು ಮೀಟರ್ ಇಟ್ಕೊಂಡು ಓಡ್ಸೋದೂ ಗುನ್ಹೆ!"

ಲೈಸೆನ್ಸನ್ನು ಕಿಸೆಗೆ ಹಾಕಿಕೊಂಡು, ಪರೀಕ್ಷೆ ಮಾಡಲು ನನ್ನ ಪಕ್ಕದಲ್ಲೇ ಕುಳಿತರು. ಮುಳ್ಳು ಇಪ್ಪತ್ತರಲ್ಲಿದ್ದರೆ ಮೈಲಿಗೆ ಮೂರು ನಿಮಿಷ ಹಿಡಿಯಬೇಕು. ಮುಳ್ಳನ್ನು ಇಪ್ಪತ್ತರಲ್ಲೇ ಇಟ್ಟು ಒಂದು ಮೈಲಿಗಲ್ಲಿನಿಂದ ಇನ್ನೊಂದಕ್ಕೆ ಓಡಿಸಿದೆ. ಲೈಸೆನ್ಸಿಲ್ಲದಿದ್ದರೆ ನಾಳೆ ಬಸ್ಸಿನ ಮಾಲೀಕರು ನನ್ನನ್ನು ಬಾಗಿಲಿಗೂ ಸೇರಿಸುವುದಿಲ್ಲ.

"ಎರಡೇ ನಿಮಿಷ!" ಎಂದರು ಸಾಹೇಬರು. ಅಂದರೆ ತಾಸಿಗೆ ಮೂವತ್ತು ಮೈಲಿ!

ಹಿಂದಿನ ಸೀಟಿನಲ್ಲಿದ್ದ ಹನುಮಸಾಗರದ ಮಾಸ್ತರರು ತಮ್ಮ ಗಡಿಯಾರ ಮುಂದೆ ಚಾಚಿದರು. "ನನ್ನದರಾಗ ಮೂರು ಆಗ್ಯಾವ್ರಿ. ನಿಮ್ಮದು ನಡುವ ನಿಂತೈತಿ, ನೋಡ್ರಿ."

ಸಾಹೇಬರು ಗಡಿಯಾರವನ್ನು ಕಿವಿಗೆ ಹಿಡಿದರು, ಕೊಡವಿದರು, ಮತ್ತೆ ಕಿವಿಗೆ ಹಿಡಿದರು. ಬಸ್ಸಿನಲ್ಲಿ ಒಬ್ಬರೂ ನಗುವ ಧೈರ್ಯ ಮಾಡಲಿಲ್ಲ. ಕೊನೆಗೆ ಲೈಸೆನ್ಸು ನನ್ನ ಕೈಗೆ ಬಂತು.

"ಆದ್ರೂ ಮೀಟರ್ ಒಮ್ಮೆ ರಿಪೇರಿ ಮಾಡಿಸ್ಕೊ" ಎಂದರು.

"ಜೀ ಹುಜೂರ್" ಎಂದೆ. ಮೀಟರ್ ಸರಿ ಇರಬೇಕೆಂದು ಕಾನೂನಿದೆ. ಅಮೀನರ ಗಡಿಯಾರಕ್ಕೆ ಯಾವ ಕಾನೂನೂ ಇದ್ದಂತಿಲ್ಲ.