ನೀಲಿ ಹೆಚ್ಚಾದ ಬಟ್ಟೆ

ಲಿಂಗಂಪಲ್ಲಿಯ ಬಾಡಿಗೆ ಮನೆಗೆ ತಾರಸಿಯೂ ಸೇರಿದೆ ಎಂದು ಗೊತ್ತಾದ ದಿನವೇ ನಾನು ಕಲಾವಿದೆಯಾಗಿಬಿಟ್ಟೆ. ವಾರಪೂರ್ತಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುತ್ತಿದ್ದವಳು, ರಜಾದಿನ ನನ್ನದೇ ತಪ್ಪುಗಳನ್ನು ಬಿಸಿಲಿಗೆ ಹರವುತ್ತಿದ್ದೆ. ಜೀಡಿಮೆಟ್ಲಾದ ಕಾರ್ಖಾನೆಗಳ ಕಡೆಯಿಂದ ತಂದ ಎರಡು ರಾಸಾಯನಿಕ ಪುಡಿಗಳನ್ನು ನೀರಲ್ಲಿ ಕಲಸಿ ಬಿಳಿ ಬಟ್ಟೆಗೆ ಬಳಿದು, ಕತ್ತಲೆಯಲ್ಲಿ ಒಣಗಿಸಿ, ಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೆ ಹಿಡಿದು, ನೀರಲ್ಲಿ ಜಾಲಿಸಿದರೆ ನೀಲಿ ಫೋಟೋ ಮೂಡುತ್ತದೆ. ಮೂಡಬೇಕು.

ಬೇಗಂಪೇಟೆಯಲ್ಲಿ ತಿಂಗಳಿಗೊಂದು ಭಾನುವಾರ ಆರು ಜನ ಹೆಂಗಸರು ಸೇರಿ ಒಬ್ಬರು ಮಾಡಿದ ಕಲಾಕೃತಿ ಒಬ್ಬರಿಗೆ ತೋರಿಸುತ್ತಿದ್ದರು. ಮನೆ ಧಾರವಾಡದ ಕಡೆಯ ನಿವೃತ್ತ ಡ್ರಾಯಿಂಗ್ ಟೀಚರದು. ನಿಯಮ ಒಂದೇ: ಎಲ್ಲರೂ ಹೇಳಿ ಮುಗಿಸುವವರೆಗೂ ಮಾಡಿದವಳು ಬಾಯಿ ಬಿಡಬಾರದು. ಮೊದಲ ಸಲ ನಾನು ಎಲೆಗಳ ನೀಲಿ ಫೋಟೋ ಒಯ್ದಿದ್ದೆ. "ಚಂದ ಅದಾವ್ರಿ. ಆದ್ರ ಎಲಿ ನಮ್ಮ ಅಂಗಳದಾಗೂ ಅದಾವಲ್ರಿ?" ಎಂದರು ಟೀಚರ್. ವಿಮರ್ಶೆಯಿಂದ ಬಹಳ ಉಪಯೋಗವಾಯಿತು ಎಂದು ಹಲ್ಲು ಕಿರಿದು, ಲೋಕಲ್ ರೈಲಿನಲ್ಲಿ ಲಿಂಗಂಪಲ್ಲಿಯವರೆಗೂ ಅತ್ತೆ. ನನಗೆ ಬೇಕಾಗಿದ್ದದ್ದು ವಿಮರ್ಶೆಯಲ್ಲ, ಹೊಗಳಿಕೆ. ಅವರೆಲ್ಲ ಸೇರಿ ಮಾಡಲಿದ್ದ ಪ್ರದರ್ಶನದಲ್ಲಿ ಒಂದು ಗೋಡೆ.

ಗೋಡೆಗೆ ತಕ್ಕ ವಸ್ತು ಯಾವುದೆಂದು ಯೋಚಿಸಿ ನನ್ನ ಮುಖವನ್ನೇ ಆರಿಸಿಕೊಂಡೆ. ಅಹಂಕಾರ ಅಂದರೆ ಅಷ್ಟು! ಪಂಚೆಯಗಲದ ಬಟ್ಟೆಯ ಮೇಲೆ ಮುಖ ಮೂಡಿಸಲು ಮೂರು ತಿಂಗಳ ಶನಿವಾರ, ಭಾನುವಾರಗಳು ಹೋದವು. ಕೊನೆಗೂ ಒಂದು ಶನಿವಾರ, ಬೇಗಂಪೇಟೆಯ ಸಭೆಯ ಹಿಂದಿನ ದಿನ, ಒಂದು ಚೆನ್ನಾಗಿ ಬಂತು. ತಾರಸಿಯ ಹಗ್ಗಕ್ಕೆ ಹಾಕಿ ಕೆಳಗಿಳಿದೆ.

ಬಟ್ಟೆ, ಪಾತ್ರೆ ತೊಳೆಯಲು ಬರುತ್ತಿದ್ದವಳು ಕಲಬುರಗಿ ಕಡೆಯವಳು. ಒಂದು ವರ್ಷದಿಂದ ನನಗೆ ಅವಳು 'ಏನಮ್ಮಾ', ಅವಳಿಗೆ ನಾನು 'ಅಕ್ಕಾರ'. ಸ್ವಲ್ಪ ಹೊತ್ತಿಗೆ ಆ ಬಟ್ಟೆಯನ್ನೇ ಒದ್ದೆಯಾಗಿ ಹಿಡಿದು ಮೇಲಿಂದ ಖುಷಿಯಾಗಿ ಬಂದಳು.

"ಅಕ್ಕಾರ, ಬಿಳಿ ಬಟ್ಟಿಗಿ ನೀಲಿ ಭಾಳ ಹಾಕಿಬಿಟ್ಟೀರಿ. ಸೋಡಾ ಹಾಕಿ ತಿಕ್ಕೀನಿ, ಅರ್ಧ ಹೋಗ್ಯದ. ನಳದಾಗ ನೀರು ನಿಂತಾವ, ಉಳಿದದ್ದು ನಾಳಿಗಿ ತೆಗಿತೀನ್ರಿ."

ಸೋಡಾ ತಾಗಿದರೆ ಈ ನೀಲಿ ಉಳಿಯುವುದಿಲ್ಲ. ನನ್ನ ಎಡಗೆನ್ನೆ, ಎಡಗಣ್ಣು, ಅರ್ಧ ಬಾಯಿ ಚರಂಡಿ ಸೇರಿದ್ದವು.

"ಕಣ್ಣು ಕಾಣಲ್ವಾ? ಅದು ನನ್ನ ಮುಖ!"

ಅವಳು ಬಟ್ಟೆ ನೋಡಿದಳು, ನನ್ನನ್ನು ನೋಡಿದಳು. "ನಿಮ್ದೇನ್ರೀ?"

ಅಷ್ಟಕ್ಕೆ ನನ್ನ ಪಿತ್ತ ನೆತ್ತಿಗೇರಿತು. "ಇನ್ನು ನನ್ನ ಯಾವ ಸಾಮಾನನ್ನೂ ಮುಟ್ಟಬೇಡ. ನಿನ್ನ ಕೈ ತಾಗಿದ್ದೆಲ್ಲ ಹಾಳು!"

ಮರುದಿನ ಬೇಗಂಪೇಟೆಗೆ ಒಯ್ಯಲು ಬೇರೇನೂ ಇರಲಿಲ್ಲ. ಆ ಅರ್ಧ ಮುಖವನ್ನೇ ನೆಲದ ಮೇಲೆ ಹಾಸಿ, ತುಟಿ ಕಚ್ಚಿ ಕೂತೆ. ಆಮೇಲೆ ಟೀಚರ್ ಮೊಣಕಾಲೂರಿ ಬಗ್ಗಿದರು.

"ಈ ತಿಕ್ಕಿದ್ದು ನೋಡ್ರಿ. ಎಂಥಾ ಕೈ ಐತಿ! ಒಂಚೂರೂ ಅಂಜಿಕಿಲ್ಲ."

ಉಳಿದವರೂ ಹೊಗಳಿದರು. ನನ್ನ ಸರದಿ ಬಂದಾಗ ಬಾಯಿ ತಾನಾಗಿ ಹೇಳಿತು: "ಹೌದು, ಬಹಳ ದಿನದಿಂದ ತಲೆಯಲ್ಲಿತ್ತು." ಥೂ, ನನ್ನ ಜನ್ಮಕ್ಕಿಷ್ಟು! ಗೋಡೆ ಸಿಕ್ಕಿತು. ಮುಂದಿನ ತಿಂಗಳು ಇಂಥವೇ ಇನ್ನೂ ಮೂರು ತರಬೇಕು ಎಂದರು.

ಈಗ ಕೈ ಪಳಗಿತ್ತು; ಹೊಸ ಮುಖಗಳನ್ನು ಮೂಡಿಸಿ ನಾನೇ ಸೋಡಾ ಹಾಕಿ ಉಜ್ಜಿದೆ. ಎರಡು ಮುಖಗಳು ಹಳದಿಯಾಗಿ ನೆಲ ಒರೆಸುವ ಬಟ್ಟೆಯಾದವು, ಮೂರನೆಯದು ಹರಿಯಿತು. ಕೊನೆಗೆ ಮಾನ ಬಿಟ್ಟು, ಹೊಸದಾಗಿ ಮುಖ ಮೂಡಿಸಿದ ಬಟ್ಟೆಯನ್ನೂ ಒಂದು ಲೋಟ ಚಹಾವನ್ನೂ ಅವಳ ಮುಂದಿಟ್ಟು, "ಅವತ್ತಿನ ಹಾಗೇ ಸ್ವಲ್ಪ ತಿಕ್ಕಿಕೊಡಮ್ಮಾ" ಎಂದೆ.

ಅವಳು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬ್ಯಾಡ್ರಿ ಅಕ್ಕಾರ. ನನ್ನ ಕೈ ತಾಗಿದ್ದೆಲ್ಲ ಹಾಳಂದಿದ್ರಿ. ಪಾತ್ರಿ ಅಷ್ಟ ತೊಳೀತೀನಿ."

ತಪ್ಪಾಯಿತು ಎಂದೆ. ಅವಳು ಚಹಾ ಕುಡಿದು, ಆ ಲೋಟವನ್ನೂ ತೊಳೆದಿಟ್ಟು ಹೋದಳು. ಬಟ್ಟೆ ಇಟ್ಟಲ್ಲೇ ಇತ್ತು.

ಮುಂದಿನ ತಿಂಗಳು ಬೇಗಂಪೇಟೆಗೆ ಬರಿಗೈಯಲ್ಲಿ ಹೋದೆ. ನಿಯಮ ಮುರಿದು ಮೊದಲು ನಾನೇ ಬಾಯಿಬಿಟ್ಟು ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ, ಗೋಡೆ ಕಿತ್ತುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಟೀಚರ್ ಕನ್ನಡಕ ಒರೆಸಿಕೊಂಡು, ಚಿತ್ರದ ಪಕ್ಕ ಗೋಡೆಗೆ ಹಾಕುವ ಹೆಸರಿನ ಚೀಟಿಯನ್ನೂ ಪೆನ್ನನ್ನೂ ನನ್ನ ಕಡೆ ತಳ್ಳಿದರು.

"ಆತು ಬಿಡ್ರಿ. ಆಕಿ ಹೆಸರೂ ಬರೀರಿ. ಏನು ಆಕಿ ಹೆಸರು?"

ನಾನು ಪೆನ್ನು ಹಿಡಿದು ಕೂತೆ. ನನಗೆ ಗೊತ್ತಿರಲಿಲ್ಲ.